ಬಿಳಿ ಕಬ್ಬಿಣ ಕಾಣುವ ತನಕ

ಕಿರವತ್ತಿ
೧೪ ಜುಲೈ ೨೦೨೪

ಅಪ್ಪಾ,

ಮೊದಲು ನಮಸ್ಕಾರ ಬರೆಯಬೇಕು, ಬರೆದಿದ್ದೇನೆ. ಎರಡು ವರ್ಷದ ಮೇಲೆ ಮಗಳ ಕಾಗದ ಬಂತೆಂದು ಗಾಬರಿ ಬೀಳಬೇಡ, ನಾನು ಆರಾಮ ಇದ್ದೇನೆ. ಫೋನ್ ಮಾಡಬಹುದಿತ್ತು, ಮಾಡಿಯೂ ಮಾಡಿದೆ. ನಿನ್ನ ಕಿವಿಯನ್ನು ಸುತ್ತಿಗೆಯ ಸದ್ದಿಗೆ ಕೊಟ್ಟು ಮುಗಿಸಿದ್ದೀ. ನಾನು ಇಲ್ಲಿ ಹೆದ್ದಾರಿಯ ಪಕ್ಕ ನಿಂತು ಕಿರುಚಿದರೆ ಪಕ್ಕದ ದಾಬಾಕ್ಕೆ ಬಂದ ಲಾರಿಯವರೆಲ್ಲ ತಿರುಗಿ ನೋಡುತ್ತಾರೆ, ನೀನು ಮಾತ್ರ ಹಾಂ ಹಾಂ ಅಂದು ಇಟ್ಟುಬಿಡುತ್ತೀ. ಅವ್ವನಿಗೆ ಹೇಳಿ ತಿಳಿಸೋಣ ಅಂದರೆ ನಿಮ್ಮಿಬ್ಬರ ನಡುವೆ ನಾನು ಟಪಾಲಿನವಳಾಗುವುದಿಲ್ಲ ಅಂದಳು. ಹಾಗಾಗಿ ಈ ಕಾಗದ. ಶಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ, ಉತ್ತರವನ್ನೂ ಅವರ ಕೈಯಲ್ಲೇ ಕೊಡು.

ವಿಷಯಕ್ಕೆ ಬರುತ್ತೇನೆ. ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ಮನೋಹರ ನಾಯ್ಕ ಅಂತ ಒಬ್ಬರಿದ್ದಾರೆ, ಶಾಮಿಯಾನದವರು. ಅವರ ಅಪ್ಪ ತಿಮ್ಮ ನಾಯ್ಕರು ಬಹಳ ಹಿಂದೆ ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಟನ್ನಿನ ಗಾಡಿ ಇನ್ನೂ ಓಡುತ್ತಿದೆ. ಎರಡು ಬಾಗಿಲು, ಹಿಂದೆ ತೆರೆದ ತೊಟ್ಟಿ, ನಾಲ್ಕೂ ಚಕ್ರ ಎಳೆಯುತ್ತದೆ, ಪೆಟ್ರೋಲನ್ನಂತೂ ಕುಡಿದು ಕುಡಿದು ಇಡುತ್ತದೆ. ಮುಂದೆ ಮೂವರು ಕೂತರೆ ಜಾಗ ಮುಗಿಯಿತು. ಉಳಿದ ಕೆಲಸದವರು ಹಿಂದೆ ಕಂಬ, ಪೈಪು, ಬಟ್ಟೆಗಂಟುಗಳ ಮೇಲೆ. ಹೋದ ಏಪ್ರಿಲ್‌ನಲ್ಲಿ ಚಪ್ಪರ ಕಟ್ಟುವ ದೇವಿ ಎಂಬ ಹೆಂಗಸು ತಿರುವಿನಲ್ಲಿ ಮೇಲಿನಿಂದ ಬಿದ್ದು ತೋಳು ಮುರಿದುಕೊಂಡಳು. ಎಲ್ಲರೂ ಒಳಗೆ ಕೂರುವ ಹಾಗೆ ನಾಲ್ಕು ಬಾಗಿಲು ಮಾಡಿಸಬೇಕು, ಡೀಸೆಲ್ ಎಂಜಿನ್ ಕೂರಿಸಬೇಕು, ಆದರೆ ಗಾಡಿಯ ಮುಖ ಬದಲಾಗಬಾರದು ಅಂತ ಮನೋಹರ ನಾಯ್ಕರ ಹಟ. ಆ ಮುಖ ಕಂಡರೇ ಊರವರಿಗೆ ಮದುವೆ ಮನೆಯ ಕೆಲಸ ಶುರುವಾಯಿತೆಂದು ಗೊತ್ತಾಗುತ್ತದಂತೆ. ಎಂಜಿನ್, ಬಾಡಿ ಎರಡನ್ನೂ ಬದಲಿಸಲು ಆರ್‌ಟಿಓ ಒಪ್ಪಿಗೆಯನ್ನೂ ತಂದಿದ್ದಾರೆ.

ಅವರು ಮೊದಲು ಬಂದದ್ದು ಬನವಾಸಿ ರಸ್ತೆಯ ನಿನ್ನ ಶೆಡ್ಡಿಗೆ. ನೀನು ಬಾನೆಟ್ ಕೂಡ ಎತ್ತಿ ನೋಡದೆ, ಕಿಟಕಿಯ ಗ್ರಿಲ್ ಬೇಕಾದರೆ ಮಾಡಿಕೊಡುತ್ತೇನೆ ಅಂದು ವಾಪಸು ಕಳಿಸಿದೆಯಂತೆ. ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಧಾರವಾಡದಲ್ಲಿ ಆರು ವಾರ ವೆಲ್ಡಿಂಗ್ ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದುಕೊಂಡು ನಾನು ಮನೆಗೆ ಬಂದ ದಿನವೇ ಚಾಸಿ ಕೆಲಸ ಬಂದ್ ಅಂದವನು ನೀನು. ಇಪ್ಪತ್ತೆಂಟು ವರ್ಷ ಟ್ರೇಲರು, ಲಾರಿ, ಜೀಪು ಅಂತ ಮಾಡಿದವನು, ನನ್ನ ಕೈ ಚಾಸಿ ಮುಟ್ಟುವ ಹೊತ್ತಿಗೆ ಗೇಟು ಗ್ರಿಲ್ಲಿಗೆ ಇಳಿದೆ. ಕಾರಣ ಕೇಳಿದರೆ ಬಾಯಿಯೇ ಇಲ್ಲ. ಮಗಳೇ, ನಿನ್ನ ಬೆಸುಗೆಯ ಮೇಲೆ ನನಗೆ ನಂಬಿಕೆ ಇಲ್ಲ ಅಂತ ನೀನು ಒಮ್ಮೆ ಹೇಳಿದ್ದರೆ ಅಲ್ಲಿಯೇ ಅತ್ತು ಮುಗಿಸುತ್ತಿದ್ದೆ. ಹೇಳಲಿಲ್ಲ, ಅದಕ್ಕೇ ಮನೆ ಬಿಟ್ಟು ಬಂದು ಇಲ್ಲಿ ತಗಡಿನ ಶೆಡ್ಡು ಹಾಕಿದೆ.

ಈ ಗಾಡಿ ನನ್ನ ಮೊದಲ ಪೂರ್ತಿ ಗಾಡಿ. ಇದು ರಸ್ತೆಗೆ ಇಳಿಯಬೇಕು, ಇಳಿದು ಬನವಾಸಿ ರಸ್ತೆಯಲ್ಲಿ ನಿನ್ನ ಶೆಡ್ಡಿನ ಮುಂದೆ ಹಾಯಬೇಕು, ನೀನು ನೋಡಬೇಕು. ಮುಚ್ಚಿಟ್ಟು ಏನು ಮಾಡಲಿ, ನನಗೆ ಬೇಕಾದದ್ದು ಅಷ್ಟೇ.

ಕಂಬಗಳು ಉದ್ದ ಇರುವುದರಿಂದ ತೊಟ್ಟಿ ಕಿರಿದು ಮಾಡುವಂತಿಲ್ಲ. ಕೆಳಗಿನ ಚಾಸಿಯ ಎರಡೂ ತೊಲೆಗಳನ್ನೇ ಎರಡು ಅಡಿ ಉದ್ದ ಮಾಡಬೇಕು. ಎಲ್ಲಿ ಕೊಯ್ಯಲಿ? ನೇರವಾಗಿ ಕೊಯ್ಯಲೋ, ಓರೆಯಾಗಿಯೋ? ಒಳಗೆ ಪಟ್ಟಿ ಎಷ್ಟು ಉದ್ದ ಕೊಡಲಿ? ಇಷ್ಟಕ್ಕೆ ಉತ್ತರ ಬರೆ. ಉಳಿದದ್ದು ಬರೆಯದಿದ್ದರೂ ನಡೆಯುತ್ತದೆ.

ನಿನ್ನ ಮಗಳು,
ಜ್ಯೋತಿ


ಶಿರಸಿ
೨೫ ಜುಲೈ ೨೦೨೪

ಚಿ. ಜ್ಯೋತಿಗೆ ಅಪ್ಪನ ಆಶೀರ್ವಾದ.

ಕಾಗದ ಮುಟ್ಟಿತು. ಇಲ್ಲಿ ಎಲ್ಲರೂ ಕ್ಷೇಮ. ಕೆಲಸ ಸಾಕಷ್ಟಿದೆ. ಶಾಲೆಯ ಗೇಟು ಒಂದು, ಒಬ್ಬರ ಮನೆಯ ಮೆಟ್ಟಿಲು ಕಟಾಂಜನ ಒಂದು. ಕಬ್ಬಿಣದ ದರ ಏರಿದೆ. ನಿಮ್ಮವ್ವನ ಮೊಣಕಾಲು ಮೊದಲಿಗಿಂತ ವಾಸಿ. ನಿನ್ನ ಸೋದರತ್ತೆ ಗೋಕಾಕದಿಂದ ಬಂದು ನಾಲ್ಕು ದಿನ ಇದ್ದು ಹೋದಳು.

ಆ ಗಾಡಿ ಮಾಡಬೇಡ. ಟ್ರಾಲಿ ಮಾಡು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡು, ದಾಬಾದವರಿಗೆ ಮೇಜು ಮಾಡಿಕೊಡು. ಹಳೆಯ ಗಾಡಿಯ ಕೆಲಸ ಮುಗಿಯುವ ಕೆಲಸವಲ್ಲ. ಒಂದು ಬಿಚ್ಚಿದರೆ ಮೂರು ಹಾಳಾಗಿರುತ್ತವೆ. ಗಾಡಿಯ ಜೊತೆಗೆ ಬರುವ ಕಾಗದಪತ್ರ ಗಾಡಿಗಿಂತ ಭಾರ. ನಾಯ್ಕರು ಒಳ್ಳೆಯವರಂತೆ ಕಂಡರು, ಅವರಿಗೆ ಸಾಧ್ಯವಿಲ್ಲ ಅಂತ ಹೇಳಿಬಿಡು.

ನೀನು ಹೇಳಿದ ಮಾತು ಕೇಳುವವಳಲ್ಲ, ಮಾಡಿಯೇ ಮಾಡುತ್ತೀ. ಕೊಯ್ಯುವುದಾದರೆ ಮುಂದಿನ ಸ್ಪ್ರಿಂಗಿನ ಗೂಟ ದಾಟಿ, ಕ್ಯಾಬಿನ್ನಿನ ಕೆಳಗೆ ಕೊಯ್ಯಿ. ನೇರ ಕೊಯ್ಯಬೇಡ, ಓರೆ ಕೊಯ್ಯಿ. ಎಡಗಡೆ, ಬಲಗಡೆ ಎರಡನ್ನೂ ಒಂದೇ ಜಾಗದಲ್ಲಿ ಕೊಯ್ಯಬೇಡ, ಒಂದು ಮುಂದೆ ಒಂದು ಹಿಂದೆ ಇರಲಿ. ಒಳಪಟ್ಟಿ ಎರಡೂ ಬದಿಗೆ ಒಂದೊಂದು ಅಡಿ. ಬೆಸೆಯುವ ಮೊದಲು ಎರಡೂ ಕಡೆ ಒಂದು ಗೇಣು ತುಕ್ಕು, ಡಾಂಬರು, ಬಣ್ಣ ಏನೂ ಇರಬಾರದು. ಬಿಳಿ ಕಬ್ಬಿಣ ಕಾಣುವ ತನಕ ಗ್ರೈಂಡರ್ ಹಿಡಿ. ಇದನ್ನು ಮೊದಲೇ ಕಲಿಸಿದ್ದೇನೆ.

ಶಿವಲಿಂಗಪ್ಪ


ಕಿರವತ್ತಿ
೧೯ ಆಗಸ್ಟ್ ೨೦೨೪

ಅಪ್ಪಾ,

ನಾಲ್ಕು ಸಾಲಿನ ಉತ್ತರ ಕೊಡುವ ಮೊದಲು ಒಂದು ಪುಟ ಮಾಡಬೇಡ, ಮಾಡಬೇಡ ಅಂತ ನೀನು ಬರೆದೆ. ಆದರೂ ಆ ನಾಲ್ಕು ಸಾಲನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಒಂದು ಬಿಚ್ಚಿದರೆ ಮೂರು ಅಂತ ಬರೆದಿದ್ದೆಯಲ್ಲ, ಇಲ್ಲಿ ಲೆಕ್ಕ ಒಂದಕ್ಕೆ ಏಳು.

ಅಪಘಾತವಾದ ಪಿಕಪ್ ಒಂದರಿಂದ ಡೀಸೆಲ್ ಎಂಜಿನ್ ಸಿಕ್ಕಿತು, ಹುಬ್ಬಳ್ಳಿಯ ಗುಜರಿಯಲ್ಲಿ. ಒಳ್ಳೆಯ ಎಂಜಿನ್ನು. ಇಳಿಸಿ ಕೂರಿಸಿದರೆ ಕೆಳಗಿನ ಎಣ್ಣೆ ಬುಂಡೆ ಮುಂದಿನ ಆಕ್ಸಲಿಗೆ ತಾಗುತ್ತದೆ. ಮೇಲೆತ್ತಿದರೆ ಬಾನೆಟ್ ಮುಚ್ಚುವುದಿಲ್ಲ, ಮುಖ ಬದಲಾಗಬಾರದಲ್ಲ. ಹಿಂದೆ ತಳ್ಳಿದರೆ ಗೇರ್‌ಬಾಕ್ಸು ಚಾಲಕನ ಕಾಲಿನ ಜಾಗಕ್ಕೆ ಬರುತ್ತದೆ. ಕೊನೆಗೆ ಬುಂಡೆಯನ್ನೇ ಕೊಯ್ದು ಬೇರೆ ಆಕಾರದಲ್ಲಿ ಬೆಸೆದೆ. ಮೂರು ಸಲ ಸೋರಿತು. ನಾಲ್ಕನೆಯ ಸಲ ಸೋರಲಿಲ್ಲ, ಆಗ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಈ ಊರಿನ ಕರೆಂಟಿಗೆ ನನ್ನ ಕೈಯಲ್ಲಿ ವೆಲ್ಡಿಂಗ್ ರಾಡು ಕಂಡರೆ ಸಾಕು, ಹೋಗಿಬಿಡುತ್ತದೆ.

ಬಾಗಿಲಿನ ಕಥೆ ಬೇರೆಯೇ. ಸಮನೆಲದಲ್ಲಿ ನಾಲ್ಕೂ ಬಾಗಿಲು ಬೆಣ್ಣೆಯ ಹಾಗೆ ಮುಚ್ಚುತ್ತವೆ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಗಾಡಿ ಮೈ ತಿರುಚಿ ಹಿಂದಿನ ಎಡಬಾಗಿಲು ಕಚ್ಚಿಕೊಂಡು ಕೂರುತ್ತದೆ. ಶಾಮಿಯಾನದ ಗಾಡಿ ಸಮನೆಲದಲ್ಲಿ ಎಲ್ಲಿ ನಿಲ್ಲುತ್ತದೆ? ಬಾಗಿಲ ಚೌಕಟ್ಟನ್ನು ಎರಡು ಸಲ ಕಿತ್ತು ಮಾಡಿದೆ, ಈಗ ಮೂರನೆಯದು.

ಮನೋಹರ ನಾಯ್ಕರು ಸೋಮವಾರ ಸೋಮವಾರ ಬರುತ್ತಾರೆ. ಹಿಂದಿನ ಸೀಟಿನ ಅಳತೆ ತಗೊಳ್ಳಲು ಹಲಗೆಯ ಮೇಲೆ ಕೂರಿಸಬೇಕು ಅಂದದ್ದಕ್ಕೆ ಹೋದ ವಾರ ಕೆಲಸದವರನ್ನೆಲ್ಲ ಕರೆದುಕೊಂಡು ಬಂದರು. ದೇವಿ ತೋಳಿನ ಪಟ್ಟಿ ಬಿಚ್ಚಿದ್ದಾಳೆ. ಹಲಗೆಯ ಮೇಲೆ ಕೂತು, ಕಾಲು ನೀಡಿ, ಇಷ್ಟು ಜಾಗ ತನ್ನ ಮನೆಯಲ್ಲೂ ಇಲ್ಲ ಅಂದಳು. ಆಮೇಲೆ ಮನೋಹರ ನಾಯ್ಕರು ಕಿಟಕಿ ಸರಿಯುವುದು ಬೇಡ ತಿರುಗಿಸುವುದು ಬೇಕು ಅಂದರು, ಹೋದ ಸೋಮವಾರ ಅದರ ಉಲ್ಟಾ ಹೇಳಿದವರು. ನಾನು ಸಿಟ್ಟು ನುಂಗಿಕೊಂಡು ಚಹಾ ಕುಡಿಸಿ ಕಳಿಸಿದೆ.

ಚಾಸಿಯನ್ನು ಬರುವ ವಾರ ಕೊಯ್ಯುತ್ತೇನೆ. ಒಮ್ಮೆ ಬಂದು ನೋಡು ಅಂತ ಕರೆಯುವುದಿಲ್ಲ. ಬಸ್ಸು ದಿನಾ ಇದೆ, ಅಷ್ಟು ಹೇಳಿರುತ್ತೇನೆ.

ಜ್ಯೋತಿ


ಕಿರವತ್ತಿ
೬ ಸೆಪ್ಟೆಂಬರ್ ೨೦೨೪

ಅಪ್ಪಾ,

ಇದನ್ನು ಒಬ್ಬನೇ ಕೂತು ಓದು.

ಚಾಸಿ ಕೊಯ್ದೆ, ಜೋಡಿಸಿದೆ. ನೀನು ಹೇಳಿದ ಹಾಗೇ ಓರೆ ಕೊಯ್ತ, ಎರಡೂ ಬದಿಗೆ ಅಡಿ ಅಡಿ ಪಟ್ಟಿ. ದಾರ ಹಿಡಿದು ಅಡ್ಡಡ್ಡ ಅಳೆದರೆ ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ. ಮೂರು ದಿನ ನೆಲಕ್ಕೆ ಕಾಲು ತಾಗಲಿಲ್ಲ ನನಗೆ.

ನಿನ್ನೆ ಮನೋಹರ ನಾಯ್ಕರು ಬಂದು, ಆರ್‌ಟಿಓದಿಂದ ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಂತೆ, ಆ ಜಾಗ ಸ್ವಚ್ಛ ಮಾಡಿಟ್ಟಿರು ಅಂದರು. ನಾನು ಡ್ಯಾಶ್‌ಬೋರ್ಡಿನ ತಗಡು ತೋರಿಸಿದೆ. ಅವರು ಅದಲ್ಲ, ಅದು ಬರೀ ತಗಡು, ನಂಬರು ಇರುವುದು ಬಲಗಡೆಯ ಚಾಸಿಯ ಮೇಲೆ, ಮುಂದಿನ ಚಕ್ರದ ಹಿಂದೆ ಅಂದರು. ಅವರ ಅಪ್ಪ ತುಕ್ಕು ಹಿಡಿಯಬಾರದೆಂದು ಅದರ ಮೇಲೆ ಡಾಂಬರು ಬಳಿದಿದ್ದರಂತೆ.

ಆ ಡಾಂಬರನ್ನು ನಾನು ತೆಗೆದಿದ್ದೆ. ಡಾಂಬರು, ಅದರ ಕೆಳಗಿನ ತುಕ್ಕು, ತುಕ್ಕಿನ ಕೆಳಗೆ ಏನಿತ್ತೋ ಅದನ್ನೂ. ಒಂದು ಗೇಣು, ಬಿಳಿ ಕಬ್ಬಿಣ ಕಾಣುವ ತನಕ. ನೀನು ಕಲಿಸಿದ್ದನ್ನು ಒಂದು ಅಕ್ಷರ ಬಿಡದೆ ಮಾಡಿದೆ. ಈಗ ಅಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕಬ್ಬಿಣ ಇದೆ, ಪಕ್ಕದಲ್ಲಿ ನನ್ನ ಬೆಸುಗೆ ಇದೆ, ನಂಬರು ಇಲ್ಲ.

ಅವರಿಗೆ ಹೇಳಲಿಲ್ಲ. ಆಯ್ತು ಸ್ವಚ್ಛ ಮಾಡಿಡುತ್ತೇನೆ ಅಂದೆ. ಅವರು ಹೋದಮೇಲೆ ಗಾಡಿಯ ಕೆಳಗೆ ಮಲಗಿ ಒಂದು ತಾಸು ಆ ಜಾಗ ನೋಡಿದೆ. ನಂಬರು ಇಲ್ಲದ ಗಾಡಿ ಗುಜರಿಗೆ ಸಮ. ಇಷ್ಟು ತಿಂಗಳ ಕೆಲಸ, ಅವರ ಅಪ್ಪನ ಗಾಡಿ, ನನ್ನ ಹೆಸರು, ಎಲ್ಲ ಒಂದು ಗೇಣಿನಲ್ಲಿ ಹೋಯಿತು.

ನಿನ್ನ ಹತ್ತಿರ ಅಂಕಿ ಹೊಡೆಯುವ ಉಳಿಗಳು ಇವೆ, ಲೇತಿನ ಹಿಂದಿನ ನೀಲಿ ಡಬ್ಬಿಯಲ್ಲಿ. ಅದನ್ನು ಕಂಡಕ್ಟರ್ ಕೈಯಲ್ಲಿ ಕಳಿಸು. ಸುಳ್ಳು ನಂಬರು ಹೊಡೆಯುವುದಿಲ್ಲ ಅಪ್ಪಾ. ಅಲ್ಲಿ ಇದ್ದ ಅದೇ ನಂಬರು, ಆರ್‌ಸಿಯಲ್ಲಿ ಇರುವ ಅದೇ ನಂಬರು. ನಾನೇ ಅಳಿಸಿದ್ದನ್ನು ನಾನೇ ತಿರುಗಿ ಬರೆಯುತ್ತೇನೆ. ಇದರಲ್ಲಿ ಯಾರಿಗೆ ಮೋಸ?

ಬೇಗ ಕಳಿಸು.

ಜ್ಯೋತಿ


ಕಿರವತ್ತಿ
೨೦ ಸೆಪ್ಟೆಂಬರ್ ೨೦೨೪

ಅಪ್ಪಾ,

ಎರಡು ವಾರ ಆಯಿತು. ಕಾಗದ ನಿನ್ನ ಕೈಗೇ ಕೊಟ್ಟೆ ಅಂತ ಕಂಡಕ್ಟರು ಹೇಳಿದರು.

ಗೇಟಿನ ಕೆಲಸ ಬಹಳ ಇರಬೇಕು. ಉಳಿ ಕಳಿಸುವುದಿಲ್ಲವಾದರೆ ಕಳಿಸುವುದಿಲ್ಲ ಅಂತಲಾದರೂ ಬರೆ. ಆವತ್ತೂ ಹೀಗೇ ಬಾಯಿ ಮುಚ್ಚಿಕೊಂಡು ನಿಂತೆ. ನನಗೆ ಈಗ ಮೂವತ್ತೊಂದು ವರ್ಷ, ಇನ್ನೂ ನಿನ್ನ ಮೌನ ನೋಡಿ ಅರ್ಥ ಹಚ್ಚುತ್ತಾ ಕೂರಲು ಪುರಸೊತ್ತಿಲ್ಲ. ನಿನ್ನದಾಗದಿದ್ದರೆ ಹುಬ್ಬಳ್ಳಿಯಲ್ಲಿ ಅಂಗಡಿ ಇವೆ.

ಜ್ಯೋತಿ


ಶಿರಸಿ
೨೭ ಸೆಪ್ಟೆಂಬರ್ ೨೦೨೪

ಜ್ಯೋತಿ,

ಅವ್ವ ಬರೆಯುವುದು. ನನ್ನ ಅಕ್ಷರ ಚಂದ ಇಲ್ಲ, ನಗಬೇಡ. ನಿಮ್ಮಿಬ್ಬರ ನಡುವೆ ಬರುವುದಿಲ್ಲ ಅಂದಿದ್ದೆ, ಬಂದೆ.

ನಿನ್ನ ಕಾಗದ ಓದಿದವರು ರೊಟ್ಟಿ ಹಾಗೇ ಬಿಟ್ಟು ಎದ್ದರು. ಎರಡು ದಿನ ಶೆಡ್ಡು ತೆಗೆಯಲಿಲ್ಲ. ಆಮೇಲೆ ದಿನಾ ಬರೆಯುತ್ತಾರೆ, ದಿನಾ ಹರಿಯುತ್ತಾರೆ. ಒಲೆಯ ಹತ್ತಿರ ಹರಿದ ಕಾಗದದ ರಾಶಿ ಬಿದ್ದಿದೆ. ನಾನು ಕೇಳಿದೆ, 'ಆಕಿಗೆ ಯಾವಾಗ ಹೇಳಾವ್ರು ನೀವು? ನಾ ಸತ್ತ ಮ್ಯಾಲೇನು?' ಕೈಯಲ್ಲಿದ್ದ ಹಾಳೆಯನ್ನೂ ಹರಿದರು.

ಹುಬ್ಬಳ್ಳಿಗೆ ಹೋಗಬೇಡ. ಯಾವ ಉಳಿಯನ್ನೂ ತರಬೇಡ. ಅವರ ಕಾಗದ ಬರುವ ತನಕ ಕಾಯಿ. ಕಾರಣ ನನಗೆ ಗೊತ್ತು, ಆದರೆ ಹೇಳಬೇಕಾದವರು ಅವರು.

ಊಟ ಸರಿಯಾಗಿ ಮಾಡು. ದಾಬಾದ ತನುಜಾ ನಿನಗೆ ಮೊಸರು ಕೊಡುತ್ತಾಳೆಂದು ಕಂಡಕ್ಟರು ಹೇಳಿದರು, ಅವಳಿಗೆ ದೇವರು ಒಳ್ಳೆಯದು ಮಾಡಲಿ.

ಪಾರ್ವತವ್ವ


ಶಿರಸಿ
೫ ಅಕ್ಟೋಬರ್ ೨೦೨೪

ಚಿ. ಜ್ಯೋತಿಗೆ,

ನೀಲಿ ಡಬ್ಬಿ ಖಾಲಿ ಇದೆ. ಉಳಿಗಳು ಪೊಲೀಸರ ವಶದಲ್ಲಿವೆ.

ನೀನು ಧಾರವಾಡಕ್ಕೆ ತರಬೇತಿಗೆ ಹೋದಾಗ ಒಬ್ಬ ಪಿಕಪ್ ತಂದ. ಮರ್ಯಾದಸ್ಥನ ಹಾಗೆ ಕಂಡ. ಚಾಸಿ ತುಕ್ಕು ತಿಂದಿದೆ, ನಂಬರು ಕಾಣುವುದಿಲ್ಲ, ಆರ್‌ಸಿ ನೋಡಿ ಅದೇ ನಂಬರು ಹೊಡೆದುಕೊಡಿ ಅಂದ. ಅವನು ತೋರಿಸಿದ ಆರ್‌ಸಿ ನೋಡಿದೆ, ಹೊಡೆದೆ. ಅರ್ಧ ತಾಸಿನ ಕೆಲಸ. ಗಾಡಿ ಕದ್ದದ್ದು, ಆರ್‌ಸಿ ಬೇರೆ ಗಾಡಿಯದು. ಹತ್ತು ದಿನದ ಮೇಲೆ ಹಾವೇರಿ ಕಡೆಯ ಠಾಣೆಯಿಂದ ಕರೆ ಬಂತು, ಉಳಿ ತಗೊಂಡು ಬನ್ನಿ ಅಂದರು. ತಗೊಂಡು ಹೋದೆ. ಹನ್ನೊಂದು ದಿನ ಒಳಗಿದ್ದೆ. ನಿನಗೆ ಗೋಕಾಕಕ್ಕೆ ನಿನ್ನ ಸೋದರತ್ತೆಯ ಮನೆಗೆ ಹೋಗಿದ್ದಾರೆ ಅಂತ ನಿಮ್ಮವ್ವ ಹೇಳಿದಳು, ನಾನೇ ಹಾಗೆ ಹೇಳಿಸಿದ್ದೆ.

ನಾನು ಜಾಮೀನಿನ ಮೇಲೆ ಬಂದ ಮೂರನೆಯ ದಿನ ನೀನು ಸರ್ಟಿಫಿಕೇಟು ಹಿಡಿದುಕೊಂಡು ಬಂದೆ. ಇನ್ನು ಚಾಸಿ ಕೆಲಸ ನನಗೆ ಕೊಡು ಅಂದೆ. ನಮ್ಮ ಶೆಡ್ಡಿನಲ್ಲಿ ಯಾವ ಗಾಡಿ ನಿಂತರೂ ಪೊಲೀಸರು ಬಂದು ನೋಡುತ್ತಿದ್ದರು. ನಿನ್ನ ಹೆಸರೂ ಅವರ ಪುಸ್ತಕದಲ್ಲಿ ಬೀಳುವುದು ನನಗೆ ಬೇಡವಾಗಿತ್ತು. ಹಾಗಾಗಿ ಬಂದ್ ಮಾಡಿದೆ. ಕಾರಣ ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತೆಂಟು ವರ್ಷ ಚಾಸಿ ಕೆಲಸ ಮಾಡಿ ನಿನಗೂ ಕಲಿಸಿದ ಅಪ್ಪ ಹನ್ನೊಂದು ದಿನ ಕಳ್ಳರ ಜೊತೆ ಚಾಪೆ ಹಂಚಿಕೊಂಡ ಅಂತ ಹೇಗೆ ಹೇಳಲಿ?

ಕೇಸು ಇನ್ನೂ ನಡೆಯುತ್ತಿದೆ. ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಶೆಡ್ಡಿನ ಅಕ್ಕಪಕ್ಕದವರಿಗೆ ಹೇಳುವುದೆಲ್ಲ ಕೋರ್ಟಿಗೆ ಹೋಗುವುದು. ಕೇಸು ಮುಗಿಯುವ ತನಕ ಯಾವ ಗಾಡಿಯ ಯಾವ ಕಾಗದಕ್ಕೂ ಸಹಿ ಹಾಕಬೇಡ ಅಂತ ವಕೀಲರು ಕಟ್ಟುನಿಟ್ಟು ಮಾಡಿದ್ದಾರೆ.

ಅದೇ ನಂಬರು, ಇದರಲ್ಲಿ ಯಾರಿಗೆ ಮೋಸ ಅಂತ ಕೇಳಿದೆ. ಠಾಣೆಯಲ್ಲಿ ನಾನೂ ಇದೇ ಮಾತು ಹೇಳಿದ್ದೆ, ಇದೇ ಶಬ್ದಗಳಲ್ಲಿ. ನೀನು ಹೊಡೆಯಬೇಡ. ನಾಯ್ಕರಿಗೆ ಇದ್ದದ್ದು ಇದ್ದ ಹಾಗೆ ಹೇಳು.

ಶಿವಲಿಂಗಪ್ಪ


ಕಿರವತ್ತಿ
೧೪ ಅಕ್ಟೋಬರ್ ೨೦೨೪

ಅಪ್ಪಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಬೈದೆ. ಈಗಲೂ ಬೈಯುತ್ತಿದ್ದೇನೆ. ಎರಡು ವರ್ಷ ನಿನ್ನನ್ನು ಮನಸ್ಸಿನಲ್ಲಿ ಏನೇನು ಅಂದಿದ್ದೇನೆ ಗೊತ್ತಾ? ಮಗಳು ಮೇಲೆ ಬಂದರೆ ಸಹಿಸದ ಅಪ್ಪ, ಹೊಟ್ಟೆಕಿಚ್ಚಿನ ಮುದುಕ ಅಂತೆಲ್ಲ ತನುಜಾಳ ಮುಂದೆ ಹೇಳಿಕೊಂಡಿದ್ದೇನೆ. ಆ ಮಾತುಗಳನ್ನೆಲ್ಲ ಈಗ ಎಲ್ಲಿ ಹೋಗಿ ವಾಪಸು ತಗೊಳ್ಳಲಿ? ನೀನು ಬಾಯಿ ಬಿಟ್ಟಿದ್ದರೆ ಕೋರ್ಟಿಗೆ ನಾನೂ ಬರುತ್ತಿದ್ದೆ. ಪೊಲೀಸರ ಪುಸ್ತಕದಲ್ಲಿ ನನ್ನ ಹೆಸರು ಬಿದ್ದರೆ ಬೀಳಲಿ, ಆ ಪುಸ್ತಕದಲ್ಲಿ ನೀನೊಬ್ಬನೇ ಇರುತ್ತಿರಲಿಲ್ಲ. ನನ್ನನ್ನು ಕಾಯಲು ಹೋಗಿ ನನ್ನನ್ನೇ ಮನೆಯಿಂದ ಹೊರಗೆ ಹಾಕಿದೆ.

ಮನೋಹರ ನಾಯ್ಕರಿಗೆ ಹೇಳಿದೆ. ಆಯುಧಪೂಜೆಗೆ ಗಾಡಿಗೆ ಹೂ ಹಾಕಲು ಬಂದಿದ್ದರು, ಹಾರ ಹಾಕಿ ಮುಗಿಸಿದ ಮೇಲೆ ಕರೆದು ಕೆಳಗೆ ಟಾರ್ಚು ಬಿಟ್ಟು ತೋರಿಸಿದೆ. ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿ ಇತ್ತು. ಟಾರ್ಚು ಆರಿಸಿ ನನ್ನ ಕೈಗೆ ಕೊಟ್ಟು ಹೇಳಿದರು, 'ತಪ್ಪಾದ್ದಕ್ಕೆ ಬ್ಯಾಸರ ಇಲ್ಲ ಮಾರಾಯ್ತಿ. ತಿಂಗಳ ಮ್ಯಾಲೆ ನನ್ನ ಎದ್ರಿಗೆ ಚಾ ಕುಡಿತಾ ಕೂತಿದ್ಯಲ, ಅದಕ್ಕೆ ಬ್ಯಾಸರ.' ತಿಂಗಳಿಡೀ ಹೇಳದೆ ಮುಚ್ಚಿಡುವುದು ನಿನ್ನಿಂದ ಕಲಿತದ್ದಿರಬೇಕು.

ಗಾಡಿಯನ್ನು ಮಾತ್ರ ಕಿತ್ತುಕೊಂಡು ಹೋಗಲಿಲ್ಲ. ಇಬ್ಬರೂ ಶಿರಸಿಯ ಆರ್‌ಟಿಓ ಆಫೀಸಿಗೆ ಅರ್ಜಿ ಕೊಡೋಣ ಅಂದರು. ನಂಬರು ನನ್ನ ಕೈಯಿಂದ ಅಳಿಸಿತೆಂದು ನಾನು ಹೆಸರು ಹಾಕಿ ಬರೆದುಕೊಡುತ್ತೇನೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಚಾಸಿ ಕೆಲಸ ಯಾಕೆ ನಿಲ್ಲಿಸಿದೆ ಅಂತ ಇದೆ. ನನ್ನ ಬೆಸುಗೆಯ ಬಗ್ಗೆ ಈಗಲೂ ಒಂದು ಸಾಲು ಇಲ್ಲ.

ಜ್ಯೋತಿ


ಕಿರವತ್ತಿ
೮ ಡಿಸೆಂಬರ್ ೨೦೨೪

ಅಪ್ಪಾ,

ಗಾಡಿ ಸಿದ್ಧವಾಗಿ ಇಪ್ಪತ್ತು ದಿನ ಆಯಿತು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ನಾಲ್ಕು ಬಾಗಿಲು, ಹಳೆಯ ಮುಖ, ಹಳೆಯ ಹಸಿರು ಬಣ್ಣ. ತಾಡಪಾಲಿನ ಕೆಳಗೆ ನಿಂತಿದೆ. ದಾಬಾಕ್ಕೆ ಬಂದವರು ತಾಡಪಾಲು ಎತ್ತಿ ನೋಡಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ರಸ್ತೆಗೆ ಮಾತ್ರ ಇಳಿಯುವ ಹಾಗಿಲ್ಲ.

ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದುಕೊಂಡು ಹೋಗುತ್ತಿದೆ. ಪರೀಕ್ಷೆಯವರು ಬಂದು, ಅಳಿಸಿದ ನಂಬರು ಏಳುತ್ತದೋ ನೋಡಲು ಕಬ್ಬಿಣಕ್ಕೆ ಏನೋ ದ್ರಾವಣ ಸವರಿದರು. ಹತ್ತು ಅಂಕಿಯಲ್ಲಿ ಆರು ಮಸುಕಾಗಿ ಕಂಡವು, ನಾಲ್ಕು ಕಾಣಲಿಲ್ಲ. ಆಫೀಸಿನವರು ಈಗ ಇಪ್ಪತ್ತು ವರ್ಷದ ಮೇಲ್ಪಟ್ಟು ಚಾಸಿ ಕೆಲಸ ಮಾಡಿದ ಮೇಸ್ತ್ರಿಯೊಬ್ಬರ ಹೇಳಿಕೆ ಕೇಳುತ್ತಿದ್ದಾರೆ. ಜೋಡಣೆ ಗಟ್ಟಿ ಇದೆ, ಈ ಜಾಗದಲ್ಲಿ ಬೆಸೆಯಲು ಇಷ್ಟು ಉಜ್ಜಲೇಬೇಕಾಗಿತ್ತು, ಕೆಟ್ಟ ಉದ್ದೇಶ ಇರಲಿಲ್ಲ ಅಂತ ಬರೆದು ಸಹಿ ಹಾಕಬೇಕು. ಆಮೇಲೆ ಅವರೇ ನಂಬರು ಹೊಡೆಸಿಕೊಡುತ್ತಾರೆ.

ಯಲ್ಲಾಪುರದಲ್ಲಿ ಇಬ್ಬರನ್ನು ಕೇಳಿದೆ, ಸಿದ್ದಾಪುರದಲ್ಲಿ ಒಬ್ಬರನ್ನು. ಬಂದು ನೋಡಿ ಕೆಲಸ ಚೆನ್ನಾಗಿದೆ ಅಂತಾರೆ, ಸಹಿ ಅಂದರೆ ಬಸ್ಸಿನ ಹೊತ್ತಾಯಿತು ಅಂತಾರೆ. ಒಬ್ಬರು ನೀನು ಯಾರ ಹತ್ತಿರ ಕಲಿತದ್ದು ಅಂತ ಕೇಳಿದರು. ನಿನ್ನ ಹೆಸರು ಹೇಳಿದೆ. ಓ, ಅವರಾ ಅಂದು ಚಪ್ಪಲಿ ಮೆಟ್ಟಿದರು. ಅವರ ಕಣ್ಣಿನಲ್ಲಿ ಇದ್ದದ್ದನ್ನು ನಾನು ಮರೆಯುವುದಿಲ್ಲ. ನೀನು ಎರಡು ವರ್ಷದಿಂದ ಇದನ್ನೇ ನೋಡುತ್ತಾ ಬದುಕಿದ್ದೀ ಅಂತ ಆವತ್ತು ಗೊತ್ತಾಯಿತು.

ಮನೋಹರ ನಾಯ್ಕರು ಬಾಡಿಗೆ ಲಾರಿಯಲ್ಲಿ ಹಂಗಾಮು ನಡೆಸುತ್ತಿದ್ದಾರೆ. ತುಳಸಿ ಲಗ್ನ ಆದಮೇಲೆ ಪುರಸೊತ್ತಿಲ್ಲದಷ್ಟು ಮದುವೆಗಳಂತೆ. ದೇವಿ ಮತ್ತೆ ಕಂಬಗಳ ಮೇಲೆ ಕೂತು ಹೋಗುತ್ತಿದ್ದಾಳೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಿನ್ನನ್ನು ಸಹಿ ಕೇಳುತ್ತಿಲ್ಲ. ವಕೀಲರು ಹೇಳಿದ್ದು ನನಗೆ ನೆನಪಿದೆ. ನನಗೆ ಬರೀ ಸಿಟ್ಟು ಬಂದಿದೆ, ಅದನ್ನು ಯಾರಿಗಾದರೂ ಬರೆಯಬೇಕಿತ್ತು.

ಜ್ಯೋತಿ


ಶಿರಸಿ
೧೦ ಜನವರಿ ೨೦೨೫

ಚಿ. ಜ್ಯೋತಿಗೆ,

ಸೋಮವಾರ ಕಿರವತ್ತಿಗೆ ಬಂದಿದ್ದೆ. ನೀನು ಇಡಗುಂದಿಗೆ ಹಿಟ್ಟಿನ ಗಿರಣಿಯ ರಿಪೇರಿಗೆ ಹೋಗಿದ್ದೆ ಅಂತ ತನುಜಾ ಹೇಳಿದಳು. ಫೋನು ಮಾಡಲೇ ಅಂದಳು, ನಾನು ಬೇಡ ಅಂದೆ. ನೀನು ಪಕ್ಕದಲ್ಲಿ ನಿಂತಿದ್ದರೆ ನನ್ನಿಂದ ಸರಿಯಾಗಿ ನೋಡಲು ಆಗುತ್ತಿರಲಿಲ್ಲ.

ಒಂದು ಚಕ್ರಕ್ಕೆ ಜಾಕ್ ಕೊಟ್ಟು ಕಲ್ಲು ಇಟ್ಟು ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡಿದೆ. ಹಿಂದಿನ ಎಡಬಾಗಿಲು ಕಚ್ಚಲಿಲ್ಲ. ಎಣ್ಣೆ ಬುಂಡೆಯ ಕೆಳಗೆ ಕಾಗದ ಹಾಸಿ ಒಂದು ತಾಸು ಬಿಟ್ಟೆ, ಹನಿ ಬೀಳಲಿಲ್ಲ. ಬಣ್ಣ ಸ್ವಲ್ಪ ದಪ್ಪ ಹೊಡೆದಿದ್ದೀ.

ಆಮೇಲೆ ಗಾಡಿಯ ಕೆಳಗೆ ಹೋದೆ. ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು, ಒಳಗೆ ಟೊಳ್ಳಿದ್ದರೆ ಸದ್ದು ಬೇರೆ ಬರುತ್ತದೆ. ನನಗೆ ಕೇಳುವುದಿಲ್ಲ. ತನುಜಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ತಟ್ಟುವುದು, ಅವಳು ಹೇಳುವುದು. ಒಂದೇ ಥರ ಅಂದಳು. ನಾನು ನಂಬದೆ ಮೂರು ಸಲ ತಟ್ಟಿ ಕೇಳಿದೆ. ಮೂರನೆಯ ಸಲಕ್ಕೆ ಅವಳಿಗೆ ಸಿಟ್ಟು ಬಂತು, 'ಒಂದೇ ಥರ ಅಂದ್ನಲ್ರೀ ಅಜ್ಜಾರ, ಒಲಿ ಮ್ಯಾಲೆ ಹಾಲ ಇಟ್ಟ ಬಂದೀನಿ' ಅಂತ ಕಿವಿಯಲ್ಲೇ ಕೂಗಿದಳು. ಬೆರಳಿನಿಂದ ಸವರಿ ನೋಡಿದೆ. ಎಲ್ಲಿ ಒಂದು ರಾಡು ಮುಗಿದು ಇನ್ನೊಂದು ಹಿಡಿದೆ ಅಂತ ನನ್ನ ಬೆರಳಿಗೆ ಗೊತ್ತಾಗಲಿಲ್ಲ. ನನ್ನ ಬೆಸುಗೆಯಲ್ಲಿ ಅದು ಇವತ್ತಿಗೂ ಗೊತ್ತಾಗುತ್ತದೆ.

ಮಂಗಳವಾರ ಆಫೀಸಿಗೆ ಹೋದೆ. ಮೂರು ದಿನ ಅಲೆಸಿದರು. ಮೊದಲ ದಿನ ಸಾಹೇಬರು ಇರಲಿಲ್ಲ, ಎರಡನೆಯ ದಿನ ಟೈಪಿನವರು ನನ್ನ ಹೆಸರು ತಪ್ಪು ಮಾಡಿದರು. ಸಾಹೇಬರಿಗೆ ನನ್ನ ಕೇಸಿನ ನಂಬರು ಮೊದಲೇ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಯೋಚನೆ ಮಾಡಿ ಸಹಿ ಹಾಕಿ, ಇದು ನಿಮಗೇ ತೊಂದರೆ ಆಗಬಹುದು ಅಂದರು. ಅದನ್ನು ಅವರು ಚೀಟಿಯ ಮೇಲೆ ಬರೆದು ತೋರಿಸಬೇಕಾಯಿತು.

ನಾನು ಬರೆದುಕೊಟ್ಟದ್ದು ಹೀಗಿದೆ. ಜೋಡಣೆಯನ್ನು ಪರೀಕ್ಷಿಸಿದ್ದೇನೆ. ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಬೇಕೆಂದು ಇವಳಿಗೆ ಕಲಿಸಿದವನು ನಾನು, ಉಜ್ಜುವ ಮೊದಲು ಅಲ್ಲಿ ಏನಿದೆ ಎಂದು ನೋಡಲು ಕಲಿಸಲಿಲ್ಲ, ಆ ತಪ್ಪು ನನ್ನದು. ಈ ಗಾಡಿಗೆ ಏನೇ ಆದರೂ ನಾನು ಜವಾಬ್ದಾರಿ.

ವಕೀಲರು ಇನ್ನು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದಿದ್ದಾರೆ. ಸಿಟ್ಟು ಇಳಿದರೆ ಬರುತ್ತಾರೆ, ಇಳಿಯದಿದ್ದರೆ ಬೇರೆಯವರನ್ನು ನೋಡಬೇಕು. ಫೈಲು ಮೇಲೆ ಹೋಗಿದೆ, ನಂಬರು ಹೊಡೆಯಲು ಹದಿನೈದು ದಿನ ಅಂದರು, ತಿಂಗಳು ಅಂತ ಇಟ್ಟುಕೋ. ನಾಯ್ಕರಿಗೆ ನೀನೇ ತಿಳಿಸು.

ನನ್ನ ಕೇಸಿನ ಮುಂದಿನ ತಾರೀಕು ಇದೇ ೨೩, ಗುರುವಾರ, ಹಾವೇರಿಯಲ್ಲಿ. ಬೆಳಿಗ್ಗೆ ಹತ್ತೂವರೆಗೆ ಕೂಗುತ್ತಾರೆ. ನನ್ನ ಹೆಸರು ಕೂಗಿದ್ದು ನನಗೆ ಕೇಳುವುದಿಲ್ಲ, ಪ್ರತಿ ಸಲವೂ ಪಕ್ಕದವರು ಯಾರಾದರೂ ತಟ್ಟಿ ಎಬ್ಬಿಸುತ್ತಾರೆ. ಶಿರಸಿಯಿಂದ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ಬಾ ಅಂತ ಬರೆದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಅಂತ ಬರೆದಿದ್ದೇನೆ.

ನಿನ್ನ ಅಪ್ಪ,
ಶಿವಲಿಂಗಪ್ಪ